ಜೀವಕೋಶಗಳ ಕಿರುಚೀಲಗಳು: ಮೊದಲು ಅಳತೆ, ಆಮೇಲೆ ಔಷಧ

ಮನುಷ್ಯದೇಹವು ಜೀವಕೋಶಗಳಿಂದ ಆದುದೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಒಂದೊಂದು ಕೋಶವೂ ತನ್ನ ಪೊರೆಯೊಳಗೆ ತನ್ನ ಸಂಸಾರವನ್ನು ತಾನೇ ನಡೆಸಿಕೊಂಡು ಹೋಗುವುದೆಂದೂ, ಉಳಿದ ಕೋಶಗಳೊಡನೆ ಅದಕ್ಕಿರುವ ವ್ಯವಹಾರವೆಲ್ಲ ಹಾರ್ಮೋನು ಮೊದಲಾದ ಬಿಡಿ ರಸಾಯನಗಳ ಮೂಲಕವೇ ಸಾಗುವುದೆಂದೂ ಬಹುಕಾಲ ಭಾವಿಸಲಾಗಿತ್ತು. ಈ ಭಾವನೆ ಈಚಿನ ನಾಲ್ಕು ದಶಕಗಳಲ್ಲಿ ಬದಲಾಗಿದೆ. ಕೋಶಗಳು ಬಿಡಿ ರಸಾಯನಗಳನ್ನಷ್ಟೇ ಅಲ್ಲ, ಪೊರೆಯಿಂದ ಸುತ್ತಿ ಕಟ್ಟಿದ ಸಣ್ಣ ಗಂಟುಗಳನ್ನೂ ಎಡೆಬಿಡದೆ ಹೊರಕ್ಕೆ ಕಳುಹುತ್ತಿರುತ್ತವೆ. ಆ ಗಂಟುಗಳಲ್ಲಿ ಪ್ರೋಟೀನುಗಳೂ ಕೊಬ್ಬಿನ ಅಣುಗಳೂ ಆರ್‌ಎನ್‌ಎ ಎಂಬ ಸಂದೇಶವಾಹಕ ಅಣುವಿನ ತುಣುಕುಗಳೂ ಇರುತ್ತವೆ. ವಿಜ್ಞಾನಿಗಳು ಇವನ್ನು ವೆಸಿಕಲ್‌ಗಳೆಂದು ಕರೆಯುವರು. ಇವುಗಳಲ್ಲಿ ಒಂದು ಬಗೆಗೆ ಇರುವ ಎಕ್ಸೊಸೋಮ್ ಎಂಬ ಹೆಸರು ಹೆಚ್ಚು ಪ್ರಚಾರಕ್ಕೆ ಬಂದಿದೆ. ಈ ಲೇಖನದಲ್ಲಿ ನಾವು ಇವನ್ನೆಲ್ಲ ಕಿರುಚೀಲಗಳೆಂದೇ ಕರೆಯೋಣ.

ಕ್ಯಾನ್ಸರಿನ ವಿಚಾರದಲ್ಲಿ ಈ ಕಿರುಚೀಲಗಳು ಎರಡು ಕಾರಣಗಳಿಂದ ಗಮನ ಸೆಳೆದಿವೆ. ಕ್ಯಾನ್ಸರ್ ಕೋಶಗಳು ತಮ್ಮ ಹರಡುವಿಕೆಗೆ ಇವನ್ನು ಬಳಸಿಕೊಳ್ಳುತ್ತವೆ ಎಂಬುದು ಮೊದಲನೆಯದು. ಇದೇ ಚೀಲಗಳಿಂದ ರೋಗವನ್ನು ಬೇಗ ಪತ್ತೆಹಚ್ಚಬಹುದು, ಇವುಗಳಲ್ಲಿಯೇ ಔಷಧವನ್ನು ತುಂಬಿ ಕಳುಹಿಸಬಹುದು ಎಂಬ ಆಸೆ ಎರಡನೆಯದು. ಆಸೆ ಹುಟ್ಟಿದೊಡನೆ ವ್ಯಾಪಾರವೂ ಹುಟ್ಟಿತು. ಎಕ್ಸೊಸೋಮ್ ಚಿಕಿತ್ಸೆ ಎಂಬ ಮಾತು ಇಂದು ಬೆಂಗಳೂರಿನ ಚರ್ಮ ಮತ್ತು ಕೂದಲಿನ ಚಿಕಿತ್ಸಾಲಯಗಳ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿದೆ. ಕೂದಲು ಬೆಳೆಸುವುದಾಗಿ ಹೇಳುವ ಹೆಸರೇ ವೈದ್ಯ ಪತ್ರಿಕೆಗಳಲ್ಲಿ ಕ್ಯಾನ್ಸರಿನ ಜೊತೆಗೂ ಕೇಳಿಬರುವುದರಿಂದ, ರೋಗಿಯ ಮನೆಯವರು ಎರಡನ್ನೂ ಒಂದೆಂದೇ ಬಗೆದರೆ ಆಶ್ಚರ್ಯವಿಲ್ಲ.

ಭೌತಶಾಸ್ತ್ರವನ್ನು ಪಾಠ ಹೇಳುವ ನಾವು ವೈದ್ಯರಲ್ಲ. ಆದರೆ ಈ ವಿಷಯದಲ್ಲಿ ಮೊದಲು ಆಡಬೇಕಾದ ಮಾತು ಭೌತಶಾಸ್ತ್ರಕ್ಕೇ ಸೇರಿದ್ದೆಂದು ನಮ್ಮ ನಂಬಿಕೆ. ಎಣಿಸಲು ಬಾರದುದನ್ನು ಔಷಧವೆಂದು ಕೊಡಬಾರದು. ಅಳೆಯಲು ಬಾರದುದನ್ನು ರೋಗದ ಗುರುತೆಂದು ನಂಬಬಾರದು. ಕಿರುಚೀಲಗಳ ವಿಜ್ಞಾನ ದೊಡ್ಡದು, ಭರವಸೆಯುಳ್ಳದ್ದು. ಆದರೆ ಅದರ ಅಳತೆಗೋಲು ಇನ್ನೂ ಸಿದ್ಧವಾಗುತ್ತಿದೆ. ಅದನ್ನು ಸಿದ್ಧಪಡಿಸುವ ಕೆಲಸದಲ್ಲಿ ನಮ್ಮ ಊರಿಗೂ ಒಂದು ಪಾಲು ಇದೆ.

ಕಸವೆಂದು ತಿಳಿದದ್ದು

1967ರಲ್ಲಿ ಪೀಟರ್ ವುಲ್ಫ್ ಎಂಬ ವಿಜ್ಞಾನಿ ರಕ್ತರಸದಲ್ಲಿ ತೇಲುವ ಅತಿ ಸೂಕ್ಷ್ಮವಾದ ಕಣಗಳನ್ನು ಕಂಡು, ಅವು ರಕ್ತದ ಕಿರುಬಿಲ್ಲೆಗಳಿಂದ ಉದುರಿದ ಧೂಳೆಂದು ವರ್ಣಿಸಿದರು. ಹೆಪ್ಪುಗಟ್ಟುವ ಕೆಲಸದಲ್ಲಿ ಆ ಧೂಳಿಗೂ ಪಾತ್ರವಿದೆಯೆಂದು ಅವರು ತೋರಿಸಿದರೂ ಧೂಳೆಂಬ ಹೆಸರು ಉಳಿಯಿತು. 1983ರಲ್ಲಿ ಕೆನಡದ ಮಾಂಟ್ರಿಯಲ್ ನಗರದಲ್ಲಿ ಕುರಿಯ ರಕ್ತವನ್ನೂ, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಇಲಿಯ ರಕ್ತವನ್ನೂ ಪರೀಕ್ಷಿಸುತ್ತಿದ್ದ ಎರಡು ತಂಡಗಳಿಗೆ ಒಂದೇ ಸಂಗತಿ ಗೋಚರಿಸಿತು. ಎಳೆಯ ಕೆಂಪು ಕೋಶವು ಬಲಿಯುವಾಗ, ಕಬ್ಬಿಣವನ್ನು ಒಳಗೆ ತರುವ ಗ್ರಾಹಕ ಪ್ರೋಟೀನು ಅದಕ್ಕೆ ಬೇಡವಾಗುತ್ತದೆ. ಆ ಗ್ರಾಹಕಗಳನ್ನು ಅದು ತನ್ನೊಳಗೆ ಸಣ್ಣ ಚೀಲಗಳಲ್ಲಿ ಕಟ್ಟಿ, ಅಂತಹ ಅನೇಕ ಚೀಲಗಳನ್ನು ಒಂದು ದೊಡ್ಡ ಚೀಲದಲ್ಲಿ ಕೂಡಿಟ್ಟು, ಕೊನೆಗೆ ಹೊರಪೊರೆಯ ಬಳಿ ಬಾಯಿ ತೆರೆದು ಹೊರಕ್ಕೆ ಚೆಲ್ಲುತ್ತದೆ. ಮಾಂಟ್ರಿಯಲ್‌ನ ರೋಸ್ ಜಾನ್‌ಸ್ಟನ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಈ ಚೀಲಗಳನ್ನು ಎಕ್ಸೊಸೋಮ್ ಎಂದು ಕರೆದರು. ಆಗಲೂ ಇವು ಕೋಶದ ಕಸದ ಬುಟ್ಟಿಗಳೆಂಬ ಎಣಿಕೆಯೇ ಬಲವಾಗಿತ್ತು.

ಎಣಿಕೆ ಬದಲಾದದ್ದು ಮುಂದಿನ ಎರಡು ದಶಕಗಳಲ್ಲಿ. 1996ರಲ್ಲಿ ರಪೋಸೊ ಮತ್ತು ಸಂಗಡಿಗರು, ರೋಗನಿರೋಧಕ ಕೋಶಗಳು ಹೊರಬಿಟ್ಟ ಕಿರುಚೀಲಗಳು ಇತರ ನಿರೋಧಕ ಕೋಶಗಳನ್ನು ಎಚ್ಚರಿಸಬಲ್ಲುವೆಂದು ತೋರಿಸಿದರು. 2007ರಲ್ಲಿ ಸ್ವೀಡನ್ನಿನ ಗೋಟೆನ್‌ಬರ್ಗ್‌ನಲ್ಲಿ ವಾಲಾದಿ, ಲೋಟ್‌ವಾಲ್ ಮೊದಲಾದವರು ಇಲಿಯ ಕೋಶಗಳ ಕಿರುಚೀಲಗಳನ್ನು ಮನುಷ್ಯನ ಕೋಶಗಳಿಗೆ ನೀಡಿದರು. ಸ್ವಲ್ಪ ಸಮಯದ ಮೇಲೆ ಮನುಷ್ಯಕೋಶದೊಳಗೆ ಇಲಿಯ ಪ್ರೋಟೀನುಗಳು ಕಂಡುಬಂದುವು. ಎಂದರೆ ಒಂದು ಕೋಶ ಬರೆದ ಆರ್‌ಎನ್‌ಎ ಸಂದೇಶವನ್ನು ಇನ್ನೊಂದು ಕೋಶ ಓದಿ, ಅದರಂತೆ ನಡೆದುಕೊಂಡಿತ್ತು. ಕಸವೆಂದು ತಿಳಿದದ್ದು ಕಾಗದವೆಂದು ಗೊತ್ತಾಯಿತು.

ಬೀಜಕ್ಕೆ ಮುಂಚೆ ನೇಗಿಲು

ಕ್ಯಾನ್ಸರಿನಿಂದ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಮೊದಲು ಹುಟ್ಟಿದ ಗಡ್ಡೆಯಲ್ಲ. ಅದರಿಂದ ಸಿಡಿದು ದೂರದ ಅಂಗಗಳಲ್ಲಿ ನೆಲೆಯೂರುವ ಮರಿಗಡ್ಡೆಗಳು. ಈ ಮರಿಗಡ್ಡೆಗಳು ಕಂಡ ಕಂಡಲ್ಲಿ ಬೆಳೆಯುವುದಿಲ್ಲ. ಕೆಲವು ಜಾತಿಯವು ಶ್ವಾಸಕೋಶವನ್ನು, ಕೆಲವು ಯಕೃತ್ತನ್ನು, ಕೆಲವು ಮೂಳೆಯನ್ನು ಆರಿಸಿಕೊಳ್ಳುತ್ತವೆ. ಇಂಗ್ಲೆಂಡಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿಯೇ ಇದನ್ನು ಬೀಜ ಮತ್ತು ನೆಲದ ಸಂಬಂಧಕ್ಕೆ ಹೋಲಿಸಿದ್ದರು. ಬೀಜ ಎಲ್ಲೆಡೆ ಬಿದ್ದರೂ ಹದವಾದ ನೆಲದಲ್ಲಿ ಮಾತ್ರ ಮೊಳೆಯುವುದೆಂಬುದು ಅವರ ವಾದ. ಆದರೆ ನೆಲವನ್ನು ಹದಮಾಡಿದವರು ಯಾರು ಎಂಬ ಪ್ರಶ್ನೆಗೆ ನೂರು ವರ್ಷಗಳಿಗೂ ಮೀರಿ ಉತ್ತರ ದೊರೆತಿರಲಿಲ್ಲ.

2015ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡನ್ ಅವರ ಪ್ರಯೋಗಶಾಲೆಯಿಂದ ಬಂದ ವರದಿ ಈ ಪ್ರಶ್ನೆಗೆ ಒಂದು ಉತ್ತರ ನೀಡಿತು. ಹೊಶಿನೊ ಮೊದಲಾದ ಸಂಶೋಧಕರು ಕ್ಯಾನ್ಸರ್ ಕೋಶಗಳ ಕಿರುಚೀಲಗಳ ಮೈಮೇಲೆ ಇಂಟೆಗ್ರಿನ್ ಎಂಬ ಪ್ರೋಟೀನುಗಳಿರುವುದನ್ನೂ, ಆ ಪ್ರೋಟೀನುಗಳು ವಿಳಾಸದಂತೆ ವರ್ತಿಸುವುದನ್ನೂ ಕಂಡರು. ಒಂದು ಬಗೆಯ ಇಂಟೆಗ್ರಿನ್ ಉಳ್ಳ ಚೀಲ ಶ್ವಾಸಕೋಶಕ್ಕೆ ಹೋಗಿ ಸೇರುವುದು. ಇನ್ನೊಂದು ಬಗೆಯದು ಯಕೃತ್ತಿಗೆ. ಶ್ವಾಸಕೋಶವನ್ನು ಆರಿಸುವ ಗಡ್ಡೆಯ ಕಿರುಚೀಲಗಳನ್ನು ಮೊದಲೇ ಇಲಿಗಳಿಗೆ ನೀಡಿ, ಆಮೇಲೆ ಮೂಳೆಯನ್ನು ಆರಿಸುವ ಕ್ಯಾನ್ಸರ್ ಕೋಶಗಳನ್ನು ಬಿಟ್ಟಾಗ, ಆ ಕೋಶಗಳು ತಮ್ಮ ಪದ್ಧತಿಯನ್ನು ಬಿಟ್ಟು ಶ್ವಾಸಕೋಶದಲ್ಲಿ ನೆಲೆಯೂರಿದುವು. ಬೀಜ ಬೀಳುವ ಮುಂಚೆಯೇ ಕಿರುಚೀಲಗಳು ನೇಗಿಲಿನ ಕೆಲಸವನ್ನು ಮುಗಿಸಿದ್ದುವು.

ಇವು ಕಾವಲುಗಾರರ ಕಣ್ಣಿಗೆ ಮಣ್ಣೆರಚುವುದೂ ಉಂಟು. ಕ್ಯಾನ್ಸರ್ ಕೋಶವು ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊತ್ತು, ತನ್ನನ್ನು ಕೊಲ್ಲಲು ಬಂದ ಬಿಳಿಕೋಶವನ್ನು ಸುಮ್ಮನಾಗಿಸುತ್ತದೆ. ಈ ತಡೆಯನ್ನು ಮುರಿಯುವ ಹೊಸ ಬಗೆಯ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವೇ ಗುವೊ ಮತ್ತು ಸಂಗಡಿಗರು, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳು ಇದೇ ಪಿಡಿ-ಎಲ್1ನ್ನು ಕಿರುಚೀಲಗಳಿಗೆ ಅಂಟಿಸಿ ರಕ್ತಕ್ಕೆ ಬಿಡುವುದನ್ನು ಪ್ರಕಟಿಸಿದರು. ಬಿಳಿಕೋಶಗಳು ಗಡ್ಡೆಯನ್ನು ತಲಪುವ ಮುಂಚೆ ದಾರಿಯಲ್ಲಿಯೇ ಅವನ್ನು ತಡೆಯುವ ಉಪಾಯವಿದು. ಹೀಗಿರಲು ಈ ಚೀಲಗಳನ್ನು ಬಲ್ಲವರು ಕ್ಯಾನ್ಸರಿನ ನಡೆಯನ್ನೂ ಬಲ್ಲರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಲ್ಲೆವೆಂದು ಹೇಳುವುದಕ್ಕೆ ಅವನ್ನು ಹಿಡಿಯಬೇಕು, ನೋಡಬೇಕು, ಎಣಿಸಬೇಕು. ಕಷ್ಟವಿರುವುದು ಇಲ್ಲಿಯೇ.

ಕುಂಬಳಕಾಯಿಯ ಪಕ್ಕದ ಎಳ್ಳು

ಕೋಶದ ಅಡ್ಡಳತೆ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟೆಂದು ಇಟ್ಟುಕೊಂಡರೆ, ಸಾಧಾರಣ ಕಿರುಚೀಲದ ಅಡ್ಡಳತೆ ಅದರ ನೂರನೆಯ ಒಂದು ಪಾಲು, ಎಂದರೆ ಸುಮಾರು 100 ನ್ಯಾನೋಮೀಟರು. ದೊಡ್ಡ ಕುಂಬಳಕಾಯಿಯ ಪಕ್ಕದಲ್ಲಿ ಎಳ್ಳುಕಾಳನ್ನು ಇಟ್ಟಂತೆ. ಅಡ್ಡಳತೆ ನೂರು ಪಾಲು ಕಡಮೆಯಾದರೆ ಗಾತ್ರ 10 ಲಕ್ಷ ಪಾಲು ಕಡಮೆಯಾಗುವುದು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 400ರಿಂದ 700 ನ್ಯಾನೋಮೀಟರು. ತನ್ನ ಅಲೆಯುದ್ದದ ಅರ್ಧಕ್ಕಿಂತ ಸಣ್ಣ ವಿವರಗಳನ್ನು ಬೆಳಕು ಬಿಡಿಸಿ ತೋರಲಾರದು. ಆದುದರಿಂದ ಕಾಲೇಜಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಾದರೂ ಕಿರುಚೀಲದ ಆಕಾರವನ್ನು ಅದರಲ್ಲಿ ಕಾಣುವಂತಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು.

ನೇರವಾಗಿ ನೋಡಲಾಗದುದನ್ನು ಅದರ ಚಲನೆಯಿಂದ ಅಳೆಯುವ ಉಪಾಯವನ್ನು ಭೌತಶಾಸ್ತ್ರ ಬಹಳ ಹಿಂದೆಯೇ ಕಲಿಸಿಕೊಟ್ಟಿದೆ. 1827ರಲ್ಲಿ ರಾಬರ್ಟ್ ಬ್ರೌನ್ ನೀರಿನಲ್ಲಿ ಪರಾಗದಿಂದ ಬಂದ ಸೂಕ್ಷ್ಮಕಣಗಳು ನಿಲ್ಲದೆ ನಡುಗುವುದನ್ನು ಕಂಡರು. 1905ರಲ್ಲಿ ಐನ್‌ಸ್ಟೈನ್ ಆ ನಡುಕಕ್ಕೆ ಲೆಕ್ಕ ಒದಗಿಸಿದರು: ಕಣ ಚಿಕ್ಕದಾದಷ್ಟೂ ಅದರ ಓಡಾಟ ಹೆಚ್ಚು. ಇಂದಿನ ಉಪಕರಣದಲ್ಲಿ ದ್ರಾವಣದ ಮೂಲಕ ಲೇಸರ್ ಕಿರಣವನ್ನು ಹಾಯಿಸುವರು. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ಮಿನುಗುವಂತೆ ಒಂದೊಂದು ಚೀಲವೂ ಒಂದು ಚುಕ್ಕೆಯಾಗಿ ಮಿನುಗುತ್ತದೆ. ಚುಕ್ಕೆಗಳ ಅಲೆದಾಟವನ್ನು ಚಿತ್ರಿಸಿಕೊಂಡು ಐನ್‌ಸ್ಟೈನರ ಸೂತ್ರದಿಂದ ಅವುಗಳ ಅಳತೆಯನ್ನು ಕಂಡುಹಿಡಿಯುವರು.

ಉಪಾಯ ಸೊಗಸಾದುದು, ಆದರೆ ಅದಕ್ಕೂ ಮಿತಿಯುಂಟು. ಇಷ್ಟು ಚಿಕ್ಕ ಕಣ ಚೆದರಿಸುವ ಬೆಳಕು ಅದರ ಅಡ್ಡಳತೆಯ ಆರನೆಯ ಘಾತವನ್ನು ಅನುಸರಿಸುತ್ತದೆ. 100 ನ್ಯಾನೋಮೀಟರಿನ ಚೀಲಕ್ಕಿಂತ 50 ನ್ಯಾನೋಮೀಟರಿನದು 64 ಪಾಲು ಮಂಕಾಗಿರುವುದು. ಆದುದರಿಂದ ಸಣ್ಣವು ಎಣಿಕೆಯಿಂದ ತಪ್ಪಿಸಿಕೊಳ್ಳುತ್ತವೆ. ಅಲ್ಲದೆ ಬೆಳಕು ಜಾತಿಯನ್ನು ವಿಚಾರಿಸುವುದಿಲ್ಲ. ರಕ್ತರಸದಲ್ಲಿ ಕೊಬ್ಬನ್ನು ಹೊತ್ತ ಲೈಪೊಪ್ರೋಟೀನು ಕಣಗಳಿವೆ. ಅವುಗಳಲ್ಲಿ ಕೆಲವು ಕಿರುಚೀಲಗಳಷ್ಟೇ ದೊಡ್ಡವು. ಒಟ್ಟು ಸಂಖ್ಯೆಯಲ್ಲಿ ಕಿರುಚೀಲಗಳನ್ನು ಬಹುಪಾಲು ಮೀರಿದವು. ಅವೂ ಚುಕ್ಕೆಗಳಾಗಿಯೇ ಮಿನುಗುತ್ತವೆ. ಗುರುತ್ವಕ್ಕೆ ಲಕ್ಷಪಟ್ಟು ಬಲದಲ್ಲಿ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಿಂದ ಚೀಲಗಳನ್ನು ತಳಕ್ಕೆ ಇಳಿಸಿದರೂ, ಪ್ರೋಟೀನಿನ ಮುದ್ದೆಗಳು ಜೊತೆಯಲ್ಲಿಯೇ ಇಳಿಯುತ್ತವೆ.

ಇದರ ಪರಿಣಾಮವೇನು? ಆರೋಗ್ಯವಂತನ ಒಂದು ಮಿಲಿಲೀಟರು ರಕ್ತದಲ್ಲಿ ಎಷ್ಟು ಕಿರುಚೀಲಗಳಿವೆಯೆಂಬ ಸಾಮಾನ್ಯ ಪ್ರಶ್ನೆಗೆ ಪ್ರಕಟವಾಗಿರುವ ಉತ್ತರಗಳು ಕೋಟಿಗಳಿಂದ ಲಕ್ಷ ಕೋಟಿಯವರೆಗೆ ಹರಡಿಕೊಂಡಿವೆ. ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದ ಕಾಲವನ್ನು ಹಿರಿಯರು ಬಲ್ಲರು. ಒಂದೂರಿನ ಸೇರು ಇನ್ನೊಂದೂರಿನಲ್ಲಿ ಮುಕ್ಕಾಲು ಸೇರಾಗುತ್ತಿತ್ತು. 1956ರ ಕಾನೂನಿನಿಂದ ದೇಶಕ್ಕೆಲ್ಲ ಒಂದೇ ತೂಕ ಅಳತೆಯೆಂದು ಗೊತ್ತಾಗಿ, 1958ರಿಂದ ಮೆಟ್ರಿಕ್ ಪದ್ಧತಿ ಬಳಕೆಗೆ ಬಂದ ಮೇಲೆ ಆ ಗೊಂದಲ ತೀರಿತು. ಕಿರುಚೀಲಗಳ ಲೋಕ ಇನ್ನೂ ಸೇರು ಪಾವುಗಳ ಕಾಲದಲ್ಲಿಯೇ ಇದೆ. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು ವರದಿಗಳಲ್ಲಿ ಕನಿಷ್ಠ ಪಕ್ಷ ಯಾವ ಯಾವ ವಿವರಗಳಿರಬೇಕೆಂದು 2014ರಲ್ಲಿ ಒಂದು ನಿಯಮಾವಳಿಯನ್ನು ಹೊರಡಿಸಿತು; 2018ರಲ್ಲಿ ಅದನ್ನು ತಿದ್ದಿತು; 2024ರಲ್ಲಿ ಮತ್ತೆ ತಿದ್ದಿ ಪ್ರಕಟಿಸಿತು. ಹತ್ತು ವರ್ಷಗಳಲ್ಲಿ ಮೂರು ಸಲ ನಿಯಮ ಬರೆಯಬೇಕಾಗಿ ಬಂದುದು ಆ ವಿಜ್ಞಾನಿಗಳ ಪ್ರಾಮಾಣಿಕತೆಗೆ ಸಾಕ್ಷಿ. ಕೆಲಸ ಮುಗಿದಿಲ್ಲವೆಂಬುದಕ್ಕೂ ಅದೇ ಸಾಕ್ಷಿ.

ಪತ್ತೆಯ ಆಸೆ, ಚಿಕಿತ್ಸೆಯ ಆಸೆ

ಅಳತೆ ಗಟ್ಟಿಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಒಂದು ಉದಾಹರಣೆ ಸಾಕು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಹಳ ತಡವಾಗಿ ತಲೆದೋರುವ ರೋಗ. 2015ರಲ್ಲಿ ಅಮೆರಿಕದ ಒಂದು ತಂಡ, ಗ್ಲಿಪಿಕಾನ್-1 ಎಂಬ ಪ್ರೋಟೀನನ್ನು ಹೊತ್ತ ಕಿರುಚೀಲಗಳನ್ನು ರಕ್ತದಲ್ಲಿ ಹುಡುಕಿ ಈ ರೋಗಿಗಳನ್ನು ಆರೋಗ್ಯವಂತರಿಂದ ಒಂದೂ ತಪ್ಪಿಲ್ಲದೆ ಬೇರ್ಪಡಿಸಿದುದಾಗಿ ವರದಿ ಮಾಡಿತು. ಲೋಕವೆಲ್ಲ ಹರ್ಷಿಸಿತು. ಆದರೆ ಮುಂದಿನ ವರ್ಷಗಳಲ್ಲಿ ಬೇರೆ ಪ್ರಯೋಗಶಾಲೆಗಳು ತಮ್ಮ ವಿಧಾನಗಳಿಂದ ಅದೇ ಗುರುತನ್ನು ಹುಡುಕಿದಾಗ ಅಷ್ಟು ನಿಚ್ಚಳವಾದ ಫಲ ದೊರೆಯಲಿಲ್ಲ. ಒಬ್ಬರ ಸೇರು ಇನ್ನೊಬ್ಬರ ಸೇರಾಗಿರಲಿಲ್ಲ.

ಎಲ್ಲ ಪ್ರಯತ್ನವೂ ಹೀಗಾಯಿತೆಂದು ತಿಳಿಯಬಾರದು. ಪುರುಷರ ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರಿನಲ್ಲಿ ಮೂತ್ರದ ಕಿರುಚೀಲಗಳಲ್ಲಿನ ಮೂರು ಆರ್‌ಎನ್‌ಎಗಳನ್ನು ಅಳೆಯುವ ಪರೀಕ್ಷೆಯೊಂದು 2016ರಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. ಆದರೆ ಅದು ಕೇಳುವ ಪ್ರಶ್ನೆಯ ಗಾತ್ರವನ್ನು ಗಮನಿಸಬೇಕು. ಊರಿನವರೆಲ್ಲರಲ್ಲಿ ಯಾರಿಗೆ ಕ್ಯಾನ್ಸರ್ ಇದೆಯೆಂದು ಅದು ಕೇಳುವುದಿಲ್ಲ. ಮೊದಲೇ ಸಂಶಯಕ್ಕೆ ಒಳಗಾದವರಲ್ಲಿ ಸೂಜಿ ಚುಚ್ಚಿ ಮಾಂಸಖಂಡ ತೆಗೆಯುವುದು ಅವಶ್ಯವೇ ಅಲ್ಲವೇ ಎಂಬುದಷ್ಟನ್ನೇ ತೀರ್ಮಾನಿಸಲು ಅದು ವೈದ್ಯನಿಗೆ ನೆರವಾಗುತ್ತದೆ. ಸಣ್ಣ ಪ್ರಶ್ನೆಗೆ ದೃಢವಾದ ಉತ್ತರ ಎಂಬುದೇ ವಿಜ್ಞಾನದ ಕ್ರಮ.

ಚಿಕಿತ್ಸೆಯ ಕಥೆಯೂ ಹೀಗೆಯೇ ನಿಧಾನವಾದುದು. 1998ರಲ್ಲಿ ಪ್ಯಾರಿಸಿನ ಲಾರೆನ್ಸ್ ಜಿಟ್ವೊಗೆಲ್ ಮತ್ತು ಸಂಗಡಿಗರು ನಿರೋಧಕ ಕೋಶಗಳ ಕಿರುಚೀಲಗಳಿಂದ ಇಲಿಗಳ ಗಡ್ಡೆಗಳನ್ನು ಕುಗ್ಗಿಸಿದರು. 2005ರಲ್ಲಿ ಪ್ರಕಟವಾದ ಮೊದಲ ಮಾನವ ಪ್ರಯೋಗಗಳು ಈ ಚೀಲಗಳನ್ನು ಅಪಾಯವಿಲ್ಲದೆ ಕೊಡಬಹುದೆಂದು ತೋರಿಸಿದುವು. ಮುಂದಿನ ಹಂತದಲ್ಲಿ ಶ್ವಾಸಕೋಶದ ಕ್ಯಾನ್ಸರಿನ 22 ರೋಗಿಗಳಿಗೆ ಇವನ್ನು ಕೊಡಲಾಯಿತು. ನಾಲ್ಕು ತಿಂಗಳ ಕಾಲ ರೋಗ ಮುಂದುವರಿಯದೆ ನಿಲ್ಲುವವರು ಅರ್ಧದಷ್ಟಾದರೂ ಇರಬೇಕೆಂದು ಸಂಶೋಧಕರು ಮೊದಲೇ ಗುರಿಯಿಟ್ಟಿದ್ದರು. ನಿಂತವರು 7 ಮಂದಿ. ಗುರಿ ಮುಟ್ಟಲಿಲ್ಲವೆಂದು ಅವರು 2016ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. 2017ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ರಘು ಕಲ್ಲೂರಿಯವರ ತಂಡ, ಕ್ಯಾನ್ಸರನ್ನು ಪ್ರಚೋದಿಸುವ ಒಂದು ಕೆಟ್ಟ ಜೀನನ್ನು ಸುಮ್ಮನಾಗಿಸಬಲ್ಲ ಆರ್‌ಎನ್‌ಎಯನ್ನು ಕಿರುಚೀಲಗಳಲ್ಲಿ ತುಂಬಿ, ಮೇದೋಜೀರಕದ ಕ್ಯಾನ್ಸರ್ ಉಳ್ಳ ಇಲಿಗಳ ಆಯುಷ್ಯವನ್ನು ಹೆಚ್ಚಿಸಿತು. ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಯನ್ನು ಆಮೇಲೆ ಅಲ್ಲಿಯೇ ಕೈಗೊಳ್ಳಲಾಯಿತು. ಇನ್ನೊಂದೆಡೆ, ಕಿರುಚೀಲಗಳನ್ನೇ ಔಷಧವಾಗಿಸಲು 2015ರಲ್ಲಿ ಸ್ಥಾಪಿತವಾದ ಕೋಡಿಯಾಕ್ ಎಂಬ ಅಮೆರಿಕದ ಕಂಪನಿ 2023ರಲ್ಲಿ ದಿವಾಳಿಯೆಂದು ಘೋಷಿಸಿಕೊಂಡಿತು.

ಇಷ್ಟು ಎಚ್ಚರದ ನಡಿಗೆಯ ಪಕ್ಕದಲ್ಲಿಯೇ ಓಡುವವರೂ ಇದ್ದಾರೆ. 2019ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಜನರಿಗೆ ಒಂದು ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ನೆಬ್ರಾಸ್ಕ ರಾಜ್ಯದಲ್ಲಿ ಎಕ್ಸೊಸೋಮ್ ಎಂಬ ಹೆಸರಿನ ಪದಾರ್ಥಗಳಿಂದ ಚಿಕಿತ್ಸೆ ಪಡೆದ ರೋಗಿಗಳಿಗೆ ತೀವ್ರವಾದ ತೊಂದರೆಗಳಾದುದೇ ಅದಕ್ಕೆ ಕಾರಣ. ಅಂತಹ ಯಾವ ಪದಾರ್ಥಕ್ಕೂ ತಾನು ಒಪ್ಪಿಗೆ ನೀಡಿಲ್ಲವೆಂದು ಆ ಆಡಳಿತವು ಸ್ಪಷ್ಟಪಡಿಸಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ನಗೆಗೆ ಕಾರಣವಾದೀತು. ಕೂಸು ಹುಟ್ಟುವ ಮುನ್ನವೇ ಅದನ್ನು ಮಾರಲು ಹೊರಡುವುದು ನಗುವ ವಿಷಯವಲ್ಲ. ಕ್ಯಾನ್ಸರಿನಲ್ಲಂತೂ ಅಪಾಯ ಇಮ್ಮಡಿ. ಕಿರುಚೀಲಗಳು ಗಡ್ಡೆಗೆ ನೆಲವನ್ನು ಹದಮಾಡಬಲ್ಲುವೆಂಬುದನ್ನು ಮೇಲೆ ಕಂಡೆವು. ಯಾವ ಕೋಶದಿಂದ ಬಂದುವು, ಒಳಗೆ ಏನಿದೆ, ಎಷ್ಟಿದೆ ಎಂಬುದನ್ನು ತಿಳಿಯದೆ ಅವನ್ನು ರೋಗಿಯ ನರಕ್ಕೆ ಏರಿಸುವುದು, ವಿಳಾಸ ನೋಡದೆ ಕಾಗದ ಹಂಚಿದಂತೆ.

ಒಂದು ಚಿಕ್ಕ ಲೆಕ್ಕ

ಪರೀಕ್ಷೆಗಳ ವಿಷಯದಲ್ಲಿಯೂ ಒಂದು ಲೆಕ್ಕವನ್ನು ವಾಚಕರು ನಮ್ಮೊಡನೆ ಮಾಡಿ ನೋಡಲಿ. ರಕ್ತದ ಕಿರುಚೀಲಗಳಿಂದ ಕ್ಯಾನ್ಸರನ್ನು ಹೇಳುವ ಒಂದು ಪರೀಕ್ಷೆ ನೂರರಲ್ಲಿ 95 ಸಲ ಸರಿಯಾಗಿ ನುಡಿಯುತ್ತದೆಂದು ಭಾವಿಸೋಣ. ಯಾವ ದೂರೂ ಇಲ್ಲದ 10,000 ಜನರಿಗೆ ಅದನ್ನು ಮಾಡಿದೆವು. ಅವರಲ್ಲಿ ನಿಜವಾಗಿ ರೋಗವಿರುವವರು 20 ಮಂದಿ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಅವರಲ್ಲಿ 19 ಮಂದಿಯನ್ನು ಹಿಡಿಯುತ್ತದೆ. ಸಂತೋಷ. ಆದರೆ ಉಳಿದ 9,980 ಆರೋಗ್ಯವಂತರಲ್ಲಿ ನೂರಕ್ಕೆ ಐವರಂತೆ 499 ಮಂದಿಗೂ ರೋಗವಿದೆಯೆಂದು ಅದು ಹೇಳುತ್ತದೆ. ಹೆದರಿಸಿದವರು 518, ರೋಗವಿರುವವರು 19. ಸುಮಾರು ಇಪ್ಪತ್ತೇಳು ಮಂದಿಗೆ ಒಬ್ಬರು. ಮಿಕ್ಕವರ ಪಾಲಿಗೆ ಸ್ಕ್ಯಾನುಗಳು, ಸೂಜಿಗಳು, ಸಾಲ, ನಿದ್ರೆಯಿಲ್ಲದ ರಾತ್ರಿಗಳು. ನೂರಕ್ಕೆ 95 ಎಂಬುದು ಪರೀಕ್ಷೆಯಲ್ಲಿ ವಿದ್ಯಾರ್ಥಿಗೆ ಒಳ್ಳೆಯ ಅಂಕ. ಊರಿಗೆಲ್ಲ ಮಾಡುವ ತಪಾಸಣೆಗೆ ಸಾಲದು.

ಕೈಯಲ್ಲಿರುವ ಸಾಧನವನ್ನು ನಾವು ಎಷ್ಟು ಬಳಸಿಕೊಂಡಿದ್ದೇವೆ ಎಂಬುದನ್ನೂ ಕೇಳಿಕೊಳ್ಳಬೇಕು. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳನ್ನು ತರಬೇತಿ ಪಡೆದ ಕಣ್ಣು ಕೈಗಳಿಂದಲೇ ಬೇಗ ಗುರುತಿಸಬಹುದು. ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರ ಬಾಯಿಯನ್ನು ಬರಿಗಣ್ಣಿನಿಂದ ನೋಡುತ್ತ ಬಂದುದರಿಂದಲೇ ಬಾಯಿಯ ಕ್ಯಾನ್ಸರಿನ ಸಾವುಗಳು ಸುಮಾರು ಮೂರನೆಯ ಒಂದು ಪಾಲು ತಗ್ಗಿದುವು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೊರಳಿನ ತಪಾಸಣೆಗೆ ಎಂದಾದರೂ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ. ಬಾಯಿ, ಸ್ತನಗಳ ತಪಾಸಣೆಯಾದವರು ನೂರಕ್ಕೆ ಒಬ್ಬರೂ ಇಲ್ಲ. ನಾಳಿನ ರಕ್ತಪರೀಕ್ಷೆಯನ್ನು ಕಾಯುತ್ತ ಇಂದಿನ ತಪಾಸಣೆಯನ್ನು ತಪ್ಪಿಸಿಕೊಳ್ಳುವುದು ವಿವೇಕವಲ್ಲ.

ನಮ್ಮ ಊರಿನ ಪಾಲು

ನಾವಿರುವ ಸಿಂಗಾಪುರ ಕಡಲಾಚೆಯ ನಗರವಲ್ಲ. ಯಲಹಂಕಕ್ಕೆ ಸಮೀಪವಾಗಿದ್ದು, ಬೆಳೆಯುವ ಬೆಂಗಳೂರಿನೊಳಗೆ ಸೇರಿಹೋದ ಹಳ್ಳಿ. ಅದರ ಸುತ್ತಲಿನ ಈ ಉತ್ತರಭಾಗದಲ್ಲಿ ಕಿರುಚೀಲಗಳ ಅಳತೆಗೆ ಬೇಕಾದ ವಿದ್ಯೆಗಳೆಲ್ಲ ನೆರೆಹೊರೆಯವರಂತೆ ನೆಲೆಸಿವೆ. ಹೆಬ್ಬಾಳದಾಚೆ ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಕೋಶದ ಪೊರೆ ವಸ್ತುಗಳನ್ನು ಒಳಗೆಳೆದುಕೊಳ್ಳುವ ಬಗೆಯನ್ನು ಅಲ್ಲಿ ಸತ್ಯಜಿತ್ ಮೇಯರ್ ಮೊದಲಾದವರು ದೀರ್ಘಕಾಲ ಶೋಧಿಸಿದ್ದಾರೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವಿದೆ. ನ್ಯಾನೋ ಪದಾರ್ಥಗಳ ಅಧ್ಯಯನಕ್ಕೆ ಅದು ಹೆಸರಾದುದು. ಯಶವಂತಪುರದ ಪಕ್ಕದಲ್ಲಿ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಮೇಖ್ರಿ ವೃತ್ತದ ಸಮೀಪದಲ್ಲಿ 1948ರಲ್ಲಿ ಸ್ಥಾಪಿತವಾದ ರಾಮನ್ ಸಂಶೋಧನ ಸಂಸ್ಥೆಯಿದೆ. ಅಲ್ಲಿ 1977ರಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಕೋಶದ ಪೊರೆಯೂ ಒಂದು ಬಗೆಯ ದ್ರವಸ್ಫಟಿಕವೇ. ಇನ್ನು ದೇವನಹಳ್ಳಿಯ ಕಡೆಗೆ ಕನ್ನಮಂಗಲದ ಬಳಿ, ದೇಶದ ಕ್ಯಾನ್ಸರ್ ಲೆಕ್ಕವನ್ನು ಒಂದುಗೂಡಿಸುವ ವೈದ್ಯಕೀಯ ಸಂಶೋಧನ ಮಂಡಲಿಯ ಕೇಂದ್ರವಿದೆ. 2022ರಲ್ಲಿ ಭಾರತದಲ್ಲಿ 14,61,427 ಮಂದಿಗೆ ಹೊಸದಾಗಿ ಕ್ಯಾನ್ಸರ್ ಬಂದಿರಬಹುದೆಂದೂ, ಒಂಬತ್ತು ಜನರಲ್ಲಿ ಒಬ್ಬರು ತಮ್ಮ ಜೀವಮಾನದಲ್ಲಿ ಈ ರೋಗಕ್ಕೆ ಗುರಿಯಾಗಬಹುದೆಂದೂ ಅಂದಾಜು ಮಾಡಿದ್ದು ಈ ಲೆಕ್ಕದಿಂದಲೇ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತೂ 1980ರ ದಶಕದ ಆರಂಭದಿಂದ ನಗರದ ರೋಗಿಗಳ ನೋಂದಣಿಯನ್ನು ಇಟ್ಟುಕೊಂಡು ಬಂದಿದೆ.

ರಾಮನ್ನರ ಹೆಸರನ್ನು ಅಲಂಕಾರಕ್ಕಾಗಿ ಹೇಳಿದುದಲ್ಲ. ಬೆಳಕು ಅಣುವಿನ ಮೇಲೆ ಬಿದ್ದು ಚೆದರುವಾಗ ಅದರ ಒಂದು ಸಣ್ಣ ಅಂಶ ಬಣ್ಣ ಬದಲಿಸುವುದೆಂದೂ, ಆ ಬದಲಾವಣೆ ಅಣುವಿನ ಗುರುತಾಗಿರುವುದೆಂದೂ ಅವರು 1928ರಲ್ಲಿ ತೋರಿಸಿದರು. ಅದೇ ವರ್ಷದ ಮಾರ್ಚ್ 16ರಂದು ಬೆಂಗಳೂರಿನಲ್ಲಿಯೇ ಆ ಶೋಧವನ್ನು ಕುರಿತು ಉಪನ್ಯಾಸ ಮಾಡಿದರು. ಮಿನುಗುವ ಚುಕ್ಕೆ ಚೀಲವೇ ಕೊಬ್ಬಿನ ಕಣವೇ ಎಂದು ಬರಿಯ ಚೆದರಿದ ಬೆಳಕು ಹೇಳಲಾರದೆಂದು ಹಿಂದೆ ಹೇಳಿದೆವು. ರಾಮನ್ ಪರಿಣಾಮದ ಬೆಳಕು ಅದನ್ನು ಹೇಳಬಲ್ಲುದು. ಇಂದು ಅನೇಕ ದೇಶಗಳ ಪ್ರಯೋಗಶಾಲೆಗಳಲ್ಲಿ ಕಿರುಚೀಲಗಳ ಒಳಗಿನ ಪದಾರ್ಥವನ್ನು ಈ ವಿಧಾನದಿಂದಲೇ ಪರೀಕ್ಷಿಸುತ್ತಿದ್ದಾರೆ.

ಹೀಗಿರಲು, ನಮ್ಮ ಸಂಸ್ಥೆಗಳೂ ಆಸ್ಪತ್ರೆಗಳೂ ಸೇರಿ ಮಾಡಬೇಕಾದ ಕೆಲಸ ಮೂರೆಂದು ನಮಗೆ ತೋರುತ್ತದೆ. ಮೊದಲನೆಯದು, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆ ಕಿಲೋಗ್ರಾಮನ್ನೂ ಮೀಟರನ್ನೂ ಕಾಯುವಂತೆ, ಗೊತ್ತಾದ ಅಳತೆ ಮತ್ತು ಸಂಖ್ಯೆಯ ಮಾದರಿ ಚೀಲಗಳನ್ನು ತಯಾರಿಸಿ, ಎಲ್ಲ ಪ್ರಯೋಗಶಾಲೆಗಳೂ ತಮ್ಮ ಉಪಕರಣಗಳನ್ನು ಅವಕ್ಕೆ ಹೋಲಿಸಿ ನೋಡುವಂತೆ ಏರ್ಪಡಿಸುವುದು. ಎರಡನೆಯದು, ರೋಗಿಗಳ ಒಪ್ಪಿಗೆ ಪಡೆದು, ಒಂದೇ ಕ್ರಮದಲ್ಲಿ ತೆಗೆದ ರಕ್ತದ ಮಾದರಿಗಳನ್ನು ಕೂಡಿಟ್ಟು, ವರ್ಷಗಳ ಮೇಲೆ ನೋಂದಣಿಯ ದಾಖಲೆಯೊಡನೆ ಹೋಲಿಸುವುದು. ಮೂರನೆಯದು, ಫಲ ಸಿಗದ ಪ್ರಯೋಗವನ್ನೂ ಪ್ರಕಟಿಸುವುದು. ಇವು ಪತ್ರಿಕೆಗಳ ಮೊದಲ ಪುಟಕ್ಕೆ ಬರುವ ಕೆಲಸಗಳಲ್ಲ. ಆದರೆ ಇವಿಲ್ಲದೆ ಕಟ್ಟಿದ ಚಿಕಿತ್ಸೆ ಬುನಾದಿಯಿಲ್ಲದ ಮನೆ.

ನಮ್ಮ ಕಾಲೇಜುಗಳಿಗೂ ಇದರಲ್ಲಿ ಕರ್ತವ್ಯವುಂಟು. ಬಿ.ಎಸ್‌ಸಿ. ತರಗತಿಯಲ್ಲಿ ಬ್ರೌನನ ಚಲನೆಯನ್ನು ಕಲಿಯುವ ವಿದ್ಯಾರ್ಥಿಗೆ ಅದು ಪರೀಕ್ಷೆಯ ಒಂದು ಪ್ರಶ್ನೆಯಾಗಿ ಮಾತ್ರ ಪರಿಚಯವಾಗುತ್ತದೆ. ಆ ಸೂತ್ರದಿಂದಲೇ ಕ್ಯಾನ್ಸರ್ ರೋಗಿಯ ರಕ್ತದ ಕಣಗಳನ್ನು ಅಳೆಯುತ್ತಿದ್ದಾರೆಂದು ತಿಳಿದರೆ ಅವನ ಅಥವಾ ಅವಳ ಕಣ್ಣಲ್ಲಿ ಬೇರೆಯ ಬೆಳಕು ಕಾಣುವುದು. ಕ್ಯಾನ್ಸರ್ ವೈದ್ಯರ ಸೊತ್ತು, ಬೆಳಕು ಭೌತಶಾಸ್ತ್ರಜ್ಞರ ಸೊತ್ತು ಎಂಬ ಗೋಡೆಯನ್ನು ಪಠ್ಯಕ್ರಮದಲ್ಲಿಯೇ ಒಡೆಯಬೇಕು.

ಸಾಯುವ ರೋಗಿ ನಿಮ್ಮ ಅಳತೆಗಾಗಿ ಕಾಯಲಾರನೆಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿರುವ ಸಂಕಟವನ್ನು ನಾವು ಅರಿಯದವರಲ್ಲ. ಆದರೆ ಕಾಯಲಾರದ ರೋಗಿಗೂ ಒಂದು ಸಮ್ಮತವಾದ ದಾರಿಯಿದೆ. ಅದು ನೋಂದಾಯಿತ ಪರೀಕ್ಷಾ ಚಿಕಿತ್ಸೆ. 2009ರ ಜೂನ್ 15ರಿಂದ ನಮ್ಮ ದೇಶದಲ್ಲಿ ಔಷಧಗಳ ಮಾನವ ಪ್ರಯೋಗಗಳನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. 2019ರ ನಿಯಮಗಳಂತೆ ನೀತಿಸಮಿತಿಯ ಅನುಮತಿ, ರೋಗಿಯ ತಿಳಿದ ಒಪ್ಪಿಗೆ, ಹಾನಿಯಾದರೆ ಪರಿಹಾರ ಇವೆಲ್ಲ ಇರತಕ್ಕದ್ದು. ಆದುದರಿಂದ ಯಾರಾದರೂ ಕ್ಯಾನ್ಸರಿಗೆ ಎಕ್ಸೊಸೋಮ್ ಕೊಡುತ್ತೇವೆಂದು ಮುಂದೆ ಬಂದರೆ, ಮನೆಯವರು ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು: ಇದರ ನೋಂದಣಿ ಸಂಖ್ಯೆ ಯಾವುದು? ಈ ಚೀಲಗಳು ಯಾವ ಕೋಶದಿಂದ ಬಂದುವು? ಒಂದು ಸೂಜಿಯಲ್ಲಿ ಎಷ್ಟಿವೆ, ಎಣಿಸಿದವರು ಯಾರು? ಇದು ಪ್ರಯೋಗವಾದರೆ ನಮ್ಮಿಂದ ಹಣ ಕೇಳುವುದೇಕೆ? ನಿಜವಾದ ಸಂಶೋಧಕ ಈ ಪ್ರಶ್ನೆಗಳಿಂದ ಸಂತೋಷಪಡುವನು. ಉಳಿದವರು ಕೋಪಗೊಳ್ಳುವರು. ಆ ಕೋಪವೇ ಉತ್ತರ.

ಕಿರುಚೀಲಗಳು ಕೋಶದಿಂದ ಕೋಶಕ್ಕೆ ಹೋಗುವ ಕಾಗದಗಳೆಂದೆವು. ಬೇರೆಯವರ ಕಾಗದವನ್ನು ಕೈಗೆತ್ತಿಕೊಂಡವನು ಮೊದಲು ಆ ಭಾಷೆಯನ್ನು ಕಲಿಯಬೇಕು; ತನ್ನ ಕಾಗದವನ್ನು ಬರೆದು ಕಳುಹುವುದು ಆಮೇಲಿನ ಮಾತು. ಅಕ್ಷರಗಳನ್ನು ಒಂದೊಂದಾಗಿ ಎಣಿಸಿ ಗುರುತಿಸುವ ಕೆಲಸ ಈಗ ನಡೆದಿದೆ. ಅದನ್ನು ಚೆನ್ನಾಗಿ ಮಾಡುವ ಊರುಗಳಲ್ಲಿ ನಮ್ಮದೂ ಒಂದಾಗಲಿ.